ನಾನೂರು ಮೀಟರ್, ಎರಡು ನಿಮಿಷ ಮತ್ತು ನನ್ನ ಮುಟ್ಟಿನ ಡೈರಿ

ಕಳೆದ ವಾರ ಮೈಸೂರಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆ ಮುಗಿಸಿ ಮನೆಗೆ ಬಂದೆ. ಏಳು ತಿಂಗಳ ತಯಾರಿ. ಅದರಲ್ಲಿ ಮೊದಲ ಮೂರು ತಿಂಗಳು ನಾನು ತಪ್ಪು ಕಾರಣ ಹುಡುಕುತ್ತಾ ಕಳೆದೆ. ಶೂ ಸರಿಯಿಲ್ಲ ಅಂದುಕೊಂಡೆ. ನಿದ್ದೆ ಸಾಲದು ಅಂದುಕೊಂಡೆ. ನನ್ನ ಮನಸ್ಸೇ ಗಟ್ಟಿಯಿಲ್ಲ ಅಂತ ಅತ್ತಿದ್ದೂ ಉಂಟು. ಈಗ ತಯಾರಿ ಶುರು ಮಾಡುವ ಹುಡುಗಿಯರು ಆ ಮೂರು ತಿಂಗಳು ಉಳಿಸಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗುರಿ ಏನಿತ್ತು ಅಂತ ಹೇಳಿಬಿಡುತ್ತೇನೆ. ಮಹಿಳೆಯರಿಗೆ 400 ಮೀಟರ್ ಓಟ, 2 ನಿಮಿಷದ ಒಳಗೆ. ಉದ್ದ ಜಿಗಿತ 2.5 ಮೀಟರ್, ಇಲ್ಲವೇ ಎತ್ತರ ಜಿಗಿತ 0.9 ಮೀಟರ್. 4 ಕಿಲೋ ಗುಂಡು 3.75 ಮೀಟರ್ ದೂರ ಎಸೆಯಬೇಕು. ಲಿಖಿತ ಪರೀಕ್ಷೆ ಪಾಸಾದವರನ್ನು ಇದಕ್ಕೆ ಕರೆಯುತ್ತಾರೆ. ನಿಮ್ಮ ಅಧಿಸೂಚನೆಯಲ್ಲಿ ಏನಿದೆಯೋ ಅದನ್ನೇ ಓದಿ, ಹುದ್ದೆಯಿಂದ ಹುದ್ದೆಗೆ ಅಳತೆ ಬೇರೆ ಇರುತ್ತದೆ. ಜಿಗಿತ, ಗುಂಡು ಎರಡೂ ನನಗೆ ಕಷ್ಟ ಆಗಲಿಲ್ಲ. ತೋಟದಲ್ಲಿ ಗೊಬ್ಬರದ ಬುಟ್ಟಿ ಎತ್ತಿ ಬೆಳೆದ ತೋಳು. ಕಾಡಿದ್ದು ಓಟ.

ನಮ್ಮದು ಸುಂಟಿಕೊಪ್ಪದ ಹತ್ತಿರ ಎರಡೂವರೆ ಎಕರೆ ಕಾಫಿ. ಪಕ್ಕದ ಊರಿನ ನಿವೃತ್ತ ಸುಬೇದಾರ್ ಒಬ್ಬರು ಶಾಲೆಯ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಮಕ್ಕಳಿಗೆ ಓಟ ಹೇಳಿಕೊಡುತ್ತಾರೆ. ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ಅಲ್ಲಿಗೆ ಹೋಗತೊಡಗಿದೆ. ಮೈದಾನಕ್ಕೆ ಎರಡು ಸುತ್ತು ಬಂದರೆ 400 ಮೀಟರ್. ಸರ್ ಕೈಯಲ್ಲಿ ಸ್ಟಾಪ್‌ವಾಚ್. ಮೊದಲ ವಾರ 1 ನಿಮಿಷ 56 ಸೆಕೆಂಡ್ ಬಂತು. ಇಷ್ಟೇನಾ ಅನಿಸಿತು. ಹತ್ತು ದಿನ ಬಿಟ್ಟು ಅದೇ ಮೈದಾನದಲ್ಲಿ, ಅದೇ ಶೂನಲ್ಲಿ 2 ನಿಮಿಷ 7 ಸೆಕೆಂಡ್. ಮತ್ತೆ ಒಂದು ವಾರಕ್ಕೆ 1.54, ಅಂದರೆ 1 ನಿಮಿಷ 54 ಸೆಕೆಂಡ್. ಯಾಕೆ ಹೀಗೆ ಅಂತ ಸರ್‌ಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಜೂನ್ ಬಂತು. ಕೊಡಗಿನ ಜೂನ್ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಮೈದಾನ ಕೆಸರು. ಬಟ್ಟೆ ಒಣಗುವುದಿಲ್ಲ. ಅಡುಗೆಮನೆಯ ಒಲೆ ಮೇಲೆ ಹಗ್ಗ ಕಟ್ಟಿ ಟ್ರ್ಯಾಕ್ ಪ್ಯಾಂಟ್ ನೇತು ಹಾಕುತ್ತಿದ್ದೆವು. ಬೆಳಿಗ್ಗೆ ಹಾಕಿಕೊಂಡಾಗ ಹೊಗೆ ವಾಸನೆ, ಸೊಂಟದ ಪಟ್ಟಿ ಇನ್ನೂ ತಣ್ಣಗೆ ಒದ್ದೆ. ಮುಟ್ಟಿನ ದಿನಗಳಲ್ಲಿ ಇನ್ನೊಂದು ಗೋಳು. ಮಳೆಯಲ್ಲಿ ಓಡಿದರೆ ಪ್ಯಾಡ್ ನೀರು ಕುಡಿದು ಭಾರ ಆಗುತ್ತದೆ, ಅಂಚು ತೊಡೆಗೆ ಉಜ್ಜುತ್ತದೆ. ಎರಡನೇ ದಿನಕ್ಕೆ ಚರ್ಮ ಕಿತ್ತು ಉರಿ. ಆ ಎರಡು ಮೂರು ದಿನ ‘ಜ್ವರ’ ಅಂತ ಹೇಳಿ ಮೈದಾನಕ್ಕೆ ಹೋಗುತ್ತಿರಲಿಲ್ಲ.

ಎರಡನೇ ಸಲ ಹಾಗೆ ಹೇಳಿದಾಗ ಸರ್ ಸುಮ್ನೆ ನನ್ನ ಮುಖ ನೋಡಿದರು. ಆಮೇಲೆ ಎಲ್ಲರೂ ಹೋದ ಮೇಲೆ ಕರೆದು, “ನೋಡು ಮಗಳೇ, ಸೈನ್ಯದಲ್ಲಿ ಕಾಲಿಗೆ ಗುಳ್ಳೆ ಎದ್ದರೂ ಮುಚ್ಚಿಡಬಾರದು ಅಂತ ಹೇಳ್ತಾರೆ. ಮುಚ್ಚಿಟ್ಟರೆ ಇಡೀ ತಂಡ ನಿಲ್ಲಬೇಕಾಗುತ್ತೆ. ತಿಂಗಳ ವಿಷಯ ಆದ್ರೆ ಹಾಗಂತಲೇ ಹೇಳು, ಇಲ್ಲ ಅಂದ್ರೆ ಒಂದು ಪುಸ್ತಕದಲ್ಲಿ ಬರೆದು ತೋರಿಸು” ಅಂದರು. ನನಗೆ ಕಿವಿ ಬಿಸಿಯಾಯಿತು. ಆದರೆ ಅವತ್ತು ಸಂಜೆಯೇ ಸುಂಟಿಕೊಪ್ಪದಲ್ಲಿ ಮೂವತ್ತು ರೂಪಾಯಿಗೆ ಒಂದು ನೋಟ್‌ಬುಕ್ ತಂದೆ.

ಡೈರಿ ಅಂದರೆ ದೊಡ್ಡದೇನಲ್ಲ. ಮುಟ್ಟಾದ ದಿನವನ್ನು 1 ಅಂತ ಎಣಿಸುವುದು. ಆಮೇಲೆ ದಿನಕ್ಕೊಂದು ಸಾಲು. ನನ್ನ ಒಂದು ಸಾಲು ಹೀಗಿತ್ತು: “ದಿನ 26. ಎದ್ದಾಗ ನಾಡಿ 68. ನಿದ್ದೆ ಎರಡು ಸಲ ಮುರಿಯಿತು, ಸೆಕೆ. 400 ಮೀ. 2.06. ಎದೆ ಬಿಗಿದ ಹಾಗೆ.” ಇನ್ನೊಂದು ಸಾಲು: “ದಿನ 9. ನಾಡಿ 64. ನಿದ್ದೆ ಚೆನ್ನಾಗಿತ್ತು. 1.53. ಇನ್ನೊಂದು ಸುತ್ತು ಓಡಬಹುದಿತ್ತು.” ಮುಟ್ಟಿನ ದಿನಗಳಲ್ಲಿ ಎಷ್ಟು ಪ್ಯಾಡ್ ಬದಲಿಸಿದೆ ಅನ್ನುವುದನ್ನೂ ಬರೆದೆ. ಇದನ್ನು ನೀವೂ ತಪ್ಪದೆ ಬರೆಯಿರಿ. ನನ್ನ ಕಥೆಯ ಕೀಲಿ ಅಲ್ಲೇ ಇತ್ತು. ನಾಡಿಯನ್ನು ಹಾಸಿಗೆಯಿಂದ ಏಳುವ ಮೊದಲೇ ಎಣಿಸಬೇಕು. ಎದ್ದು ಓಡಾಡಿದ ಮೇಲೆ ಎಣಿಸಿದರೆ ಉಪಯೋಗವಿಲ್ಲ.

ಎರಡು ತಿಂಗಳು ಬರೆದ ಮೇಲೆ ಪುಟ ತಿರುವಿ ನೋಡಿದೆ. ಮುಟ್ಟಿನ ದಿನಗಳಲ್ಲೇ ನಾನು ಸೋಲುವುದು ಅಂದುಕೊಂಡಿದ್ದೆ. ಅರ್ಧ ಮಾತ್ರ ನಿಜ. ಎರಡನೇ ದಿನ ಕೆಟ್ಟದಾಗಿತ್ತು, ಹೌದು. ಆದರೆ ಅಷ್ಟೇ ಕೆಟ್ಟ ಸಮಯ ಮುಟ್ಟಿಗೆ ಮುಂಚಿನ ಮೂರ್ನಾಲ್ಕು ದಿನ. ಆರನೇ ದಿನದಿಂದ ಹದಿನಾಲ್ಕರ ತನಕ ಕಾಲು ಹಗುರ.

ಯಾಕೆ ಅಂತ ಆಮೇಲೆ ಮಡಿಕೇರಿಯ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಬಿಡಿಸಿ ಹೇಳಿದರು. ಅಂಡಾಣು ಬಿಡುಗಡೆಯಾದ ನಂತರದ ಸುಮಾರು ಎರಡು ವಾರ ದೇಹದಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಜಾಸ್ತಿ ಇರುತ್ತದೆ. ಅದು ಮೈಯ ಒಳಗಿನ ಶಾಖವನ್ನು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿಸುತ್ತದೆ. ಉಸಿರಾಟ ಸ್ವಲ್ಪ ಜೋರಾಗುತ್ತದೆ, ಸುಮ್ಮನೆ ಕೂತಾಗಿನ ನಾಡಿಯೂ ಎರಡು ಮೂರು ಬಡಿತ ಮೇಲೆ ಹೋಗುತ್ತದೆ. ಬೆವರು ಶುರುವಾಗುವುದು ತಡ. ಅಂದರೆ ಸೆಕೆಯಲ್ಲಿ ಓಡುವಾಗ ನಾವು ಆಗಲೇ ಸ್ವಲ್ಪ ಬಿಸಿಯಾಗಿಯೇ ಹೊರಡುತ್ತೇವೆ. ಮುಟ್ಟು ಹತ್ತಿರ ಬಂದಾಗ ಈ ಹಾರ್ಮೋನುಗಳು ಥಟ್ಟನೆ ಇಳಿಯುತ್ತವೆ. ನಿದ್ದೆ, ಮೂಡು ಕೆಡುವುದು ಆಗ. ಮುಟ್ಟಾದ ಮೇಲಿನ ನೋವಿಗೆ ಕಾರಣ ಪ್ರೊಸ್ಟಗ್ಲಾಂಡಿನ್ ಅನ್ನುವ ಬೇರೆ ವಸ್ತು. ಗರ್ಭಕೋಶ ಹಿಂಡಿಕೊಳ್ಳುವಂತೆ ಮಾಡುವುದು ಅದು.

ಇಷ್ಟು ಕೇಳಿ ‘ಹಾಗಾದರೆ ಎಲ್ಲಾ ಹಾರ್ಮೋನಿನದ್ದೇ’ ಅಂತ ನಾನು ಸಮಾಧಾನ ಮಾಡಿಕೊಳ್ಳಲು ಹೊರಟಿದ್ದೆ. ಡಾಕ್ಟರ್ ಅಲ್ಲೇ ತಡೆದರು. 2020ರಲ್ಲಿ 78 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು, ಮುಟ್ಟಿನ ಮೊದಲ ಕೆಲವು ದಿನ ಮಹಿಳೆಯರ ಸಾಮರ್ಥ್ಯ ತೀರಾ ಅಲ್ಪ ಪ್ರಮಾಣದಲ್ಲಿ ಕಡಿಮೆಯಾಗಬಹುದು, ಅಷ್ಟೇ. ಒಬ್ಬೊಬ್ಬರಲ್ಲಿ ಒಂದೊಂದು ಥರ. “ನಿಮಗೆ ಹದಿಮೂರು ಸೆಕೆಂಡ್ ಏರುಪೇರು ಆಗ್ತಿದೆ. ಇದು ಬರೀ ಹಾರ್ಮೋನ್ ಅಲ್ಲ” ಅಂದರು. ಅವರ ಹತ್ತಿರ ಹೋಗುವ ಮೊದಲು ಆದದ್ದನ್ನು ಹೇಳಬೇಕು.

ಮನೆಯಲ್ಲಿ ಅಜ್ಜಿಗೆ ನಾನು ಆ ದಿನಗಳಲ್ಲಿ ಓಡುವುದು ಇಷ್ಟ ಇರಲಿಲ್ಲ. ಗರ್ಭಕೋಶ ಜಾರುತ್ತದೆ ಅನ್ನುವ ಭಯ. “ಅಜ್ಜೀ, ನೀವು ಆ ದಿನಾನೂ ಕಾಫಿ ಕುಯ್ದಿಲ್ವಾ, ಮೂಟೆ ಹೊತ್ತಿಲ್ವಾ?” ಅಂತ ಕೇಳಿದೆ. “ಹೊರದೆ ಏನ್ ಮಾಡೋದು, ಕೂಲಿ ಕೊಡಬೇಕಲ್ಲ ಅವರು” ಅಂದು ಸುಮ್ಮನಾದರು. ಮುಟ್ಟಿನಲ್ಲಿ ಓಡಿದರೆ ಗರ್ಭಕೋಶಕ್ಕೆ ಏನೂ ಆಗುವುದಿಲ್ಲ ಅಂತ ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದಾರೆ. ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆ ವ್ಯಾಯಾಮ ಮಾಡುವವರಿಗೆ ನೋವು ಕಡಿಮೆಯಾಗುವ ಸಾಧ್ಯತೆಯೇ ಜಾಸ್ತಿಯಂತೆ. ನನಗೂ ಹಾಗೇ ಆಯಿತು.

ಜುಲೈ ಕೊನೆಯಲ್ಲಿ ಒಂದು ದಿನ ಮೈದಾನದಿಂದ ಮನೆಗೆ ಬರುವ ಏರು ಹತ್ತುವಾಗ ಕಣ್ಣು ಕತ್ತಲೆ ಬಂತು. ಸಿಲ್ವರ್ ಮರ ಹಿಡಿದು ಕೂತೆ. ಎದೆ ಡವಡವ ಅನ್ನುತ್ತಿತ್ತು. ಹುಟ್ಟಿದಾಗಿನಿಂದ ಹತ್ತಿದ ಏರು ಅದು. ಅವತ್ತು ಮೂರನೇ ದಿನ.

ಹತ್ತಿರದ ಒಂದು ಕ್ಲಿನಿಕ್‌ಗೆ ಅಮ್ಮನ ಜೊತೆ ಹೋದೆ. ಮುನ್ನೂರು ರೂಪಾಯಿ ಫೀಸು, ಒಂದೂವರೆ ಗಂಟೆ ಕಾಯುವಿಕೆ, ಮೂರು ನಿಮಿಷ ಮಾತು. ಡೈರಿ ತೆಗೆದು ತೋರಿಸಲು ಹೋದೆ, ನೋಡಲಿಲ್ಲ. “ಈ ವಯಸ್ಸಲ್ಲಿ ಇದೆಲ್ಲಾ ಇದ್ದದ್ದೇ. ಮದುವೆ ಆದ್ಮೇಲೆ ಸರಿಹೋಗುತ್ತೆ” ಅಂದರು. ಒಂದು ಟಾನಿಕ್ ಬರೆದರು. ಜೊತೆಗೆ, ಪರೀಕ್ಷೆ ದಿನ ಮುಟ್ಟು ಬಂದರೆ ಮುಂದೂಡುವ ಮಾತ್ರೆ ನುಂಗಿದರಾಯಿತು ಅಂದರು. ಹೊರಗೆ ಬಂದಾಗ ನನಗೆ ಸಿಟ್ಟಿಗಿಂತ ನಾಚಿಕೆ ಜಾಸ್ತಿ ಆಗಿತ್ತು. ಈಗ ಸಿಟ್ಟಿದೆ.

ಆ ಮಾತ್ರೆಯ ವಿಷಯ ಇಲ್ಲೇ ಹೇಳುತ್ತೇನೆ, ಯಾಕಂದರೆ ಎಲ್ಲರೂ ಕೇಳುವುದು ಅದನ್ನೇ. ನೊರೆಥಿಸ್ಟೆರಾನ್ ಅಂತ ಅದರ ಹೆಸರು. ಮುಟ್ಟು ಬರುವ ಮೂರು ದಿನ ಮೊದಲೇ ಶುರು ಮಾಡಬೇಕು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಕೆಲವರಿಗೆ ಹೊಟ್ಟೆ ಉಬ್ಬರ, ತಲೆನೋವು, ವಾಂತಿ ಬರುತ್ತದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು, ಮನೆಯಲ್ಲಿ ಯಾರಿಗಾದರೂ ಆಗಿದ್ದವರು ಡಾಕ್ಟರಿಗೆ ಹೇಳದೆ ತೆಗೆದುಕೊಳ್ಳಲೇಬಾರದು. ಮೆಡಿಕಲ್‌ನಲ್ಲಿ ಕೇಳಿ ತಂದು ಓಟದ ದಿನವೇ ಮೊದಲ ಸಲ ಪ್ರಯೋಗ ಮಾಡುವುದಂತೂ ಬೇಡ. ನಾನು ತೆಗೆದುಕೊಳ್ಳಲಿಲ್ಲ.

ಆಗಸ್ಟ್ 4ಕ್ಕೆ ಮಡಿಕೇರಿಗೆ ಹೋದೆ. ಸರ್ಕಾರಿ ಬಸ್ಸಿಗೆ ಕಾದರೆ ಆಧಾರ್ ತೋರಿಸಿ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ. ನಮ್ಮ ಕಡೆ ಓಡುವುದು ಖಾಸಗಿ ಬಸ್ಸೂ ಬಹಳ, ಅದರಲ್ಲಿ ಉಚಿತ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ರೂಪಾಯಿ ಚೀಟಿ. ಒಂಬತ್ತಕ್ಕೆ ಹೋದವಳಿಗೆ ಹನ್ನೊಂದೂವರೆಗೆ ಸರದಿ ಬಂತು. ಸ್ತ್ರೀರೋಗ ವಿಭಾಗದ ಆ ಡಾಕ್ಟರ್ ನನ್ನ ಡೈರಿ ಕೈಗೆ ತೆಗೆದುಕೊಂಡು ಮೊದಲು ನೋಡಿದ್ದು ಓಟದ ಸಮಯವನ್ನಲ್ಲ, ಪ್ಯಾಡ್ ಲೆಕ್ಕವನ್ನು. “ಏಳು ದಿನ. ಎರಡನೇ ದಿನ ಎರಡು ಗಂಟೆಗೊಂದು. ರಕ್ತ ಗಡ್ಡೆ ಗಡ್ಡೆಯಾಗಿ ಹೋಗುತ್ತಾ? ರೂಪಾಯಿ ನಾಣ್ಯಕ್ಕಿಂತ ದೊಡ್ಡದು?” ಹೌದು ಅಂದೆ. ಹನ್ನೆರಡನೇ ವಯಸ್ಸಿನಿಂದ ಹೀಗೇ ಇತ್ತು, ಎಲ್ಲರಿಗೂ ಹೀಗೇ ಅಂದುಕೊಂಡಿದ್ದೆ. ಅಮ್ಮನಿಗೂ ಹೀಗೇ ಇತ್ತಂತೆ. ಅವರೂ ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆಗಳು ಬರೆದರು: ರಕ್ತದ ಪೂರ್ತಿ ಎಣಿಕೆ, ಥೈರಾಯ್ಡ್, ಫೆರಿಟಿನ್, ಮೂತ್ರ, ಹೊಟ್ಟೆ ಸ್ಕ್ಯಾನ್. ಮೂತ್ರ ಪರೀಕ್ಷೆಯಲ್ಲಿ ಒಂದು ಅಡ್ಡಿ. ಹಿಂದಿನ ದಿನ ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದು ಸೊಪ್ಪು ತಿನ್ನುವ ದಿನ. ಅಮ್ಮ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು, ನಾನು ಎರಡು ಬಟ್ಟಲು ತಿಂದಿದ್ದೆ. ಆ ಸೊಪ್ಪು ತಿಂದರೆ ಮೂತ್ರಕ್ಕೆ ಬಣ್ಣ ಬರುತ್ತದೆ, ಕೊಟ್ಟ ಡಬ್ಬಿಯಲ್ಲಿ ಕೆಂಪು. ಲ್ಯಾಬಿನ ಅಕ್ಕ ನೋಡಿದ ಕೂಡಲೇ, “ನಿನ್ನೆ ಪಾಯಸ ತಿಂದ್ಯಾ? ಎರಡು ದಿನ ಬಿಟ್ಟು ಬಾ” ಅಂತ ವಾಪಸ್ ಕಳಿಸಿದರು. ಆ ಸಮಯದಲ್ಲಿ ಮೂತ್ರ ಪರೀಕ್ಷೆಗೆ ಹೋಗುವವರು ಇದನ್ನು ನೆನಪಿಡಿ, ನನಗೆ ಇನ್ನೊಂದು ದಿನದ ಓಡಾಟ ಆಯಿತು.

ಫೆರಿಟಿನ್‌ಗೆ ಹೊರಗೆ ಖಾಸಗಿ ಲ್ಯಾಬಿಗೆ ಹೋಗಬೇಕಾಯಿತು, 650 ರೂಪಾಯಿ. ಸ್ಕ್ಯಾನಿಗೆ ಆಸ್ಪತ್ರೆಯಲ್ಲಿ ಹದಿನೈದು ದಿನ ಆಚೆಯ ದಿನಾಂಕ ಕೊಟ್ಟರು. ಕಾಯಲು ಮನಸ್ಸಿಲ್ಲದೆ ಹೊರಗೇ ಮಾಡಿಸಿದೆ, 1,200 ರೂಪಾಯಿ. ಒಂದು ಲೀಟರ್ ನೀರು ಕುಡಿದು ಮೂತ್ರ ತಡೆದು ಕೂರಬೇಕು. ನಾನು ಕುಡಿದು ಮುಗಿಸುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಯಾಯಿತು. ಮಳೆಗಾಲದಲ್ಲಿ ಹೋಗುವವರು ಒಳಗೆ ಕರೆಯುವುದು ಖಚಿತವಾದ ಮೇಲೆ ಕುಡಿಯಲು ಶುರು ಮಾಡಿ. ಸ್ಕ್ಯಾನಿನಲ್ಲಿ ಗರ್ಭಕೋಶದ ಗಡ್ಡೆ, ಸಿಸ್ಟ್ (ನೀರುಗುಳ್ಳೆ) ಏನೂ ಇರಲಿಲ್ಲ. ಥೈರಾಯ್ಡ್ ಸರಿ ಇತ್ತು.

ಹಿಮೋಗ್ಲೋಬಿನ್ 10.4. ಮಹಿಳೆಯರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಫೆರಿಟಿನ್ 6. ಅದು ದೇಹದ ಕಬ್ಬಿಣದ ಉಗ್ರಾಣದ ಲೆಕ್ಕ. 15ಕ್ಕಿಂತ ಕೆಳಗೆ ಹೋದರೆ ಉಗ್ರಾಣ ಖಾಲಿ ಅಂತಲೇ ಅರ್ಥ.

ಡಾಕ್ಟರ್ ಚೀಟಿಯ ಹಿಂಬದಿಯಲ್ಲಿ ಪೆನ್ನಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವ ರಕ್ತ 30ರಿಂದ 40 ಮಿಲಿ. 80 ದಾಟಿದರೆ ಜಾಸ್ತಿ. ಒಂದು ಮಿಲಿ ರಕ್ತದಲ್ಲಿ ಹೆಚ್ಚು ಕಡಿಮೆ ಅರ್ಧ ಮಿಲಿಗ್ರಾಂ ಕಬ್ಬಿಣ. ಅಂದರೆ ನನ್ನಂಥವರಿಗೆ ತಿಂಗಳಿಗೆ 40 ಮಿಲಿಗ್ರಾಂ ಬರೀ ಮುಟ್ಟಿನಲ್ಲೇ ಹೋಗುತ್ತದೆ. ಊಟದಿಂದ ದೇಹ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ, ಅದೂ ದಿನದ ಖರ್ಚಿಗೇ ಸರಿಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಕೆಲಸ ಕಬ್ಬಿಣದ್ದು. ಹೊರುವವರೇ ಇಲ್ಲದಿದ್ದರೆ ಶ್ವಾಸಕೋಶ ಎಷ್ಟು ಎಳೆದರೂ ಕಾಲಿಗೆ ತಲುಪುವುದಿಲ್ಲ. ಕೊನೆಯ ನೂರು ಮೀಟರಿನಲ್ಲಿ ನನ್ನ ಕಾಲು ಕಲ್ಲಾಗುತ್ತಿದ್ದದ್ದು ಇದಕ್ಕೆ. ಮನಸ್ಸು ಗಟ್ಟಿಯಿಲ್ಲ ಅಂತ ನನ್ನನ್ನೇ ಬೈದುಕೊಂಡ ದಿನಗಳು ನೆನಪಾಗಿ ಅಲ್ಲೇ ಕಣ್ಣಲ್ಲಿ ನೀರು ಬಂತು.

ನಾನೊಬ್ಬಳೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಶೇ. 47.8. ನಮ್ಮ ಮೈದಾನದಲ್ಲಿ ಓಡುವ ಆರು ಹುಡುಗಿಯರಿಗೂ ಪರೀಕ್ಷೆ ಮಾಡಿಸಲು ಹೇಳಿದೆ. ಇಬ್ಬರಿಗೆ 12ಕ್ಕಿಂತ ಕಡಿಮೆ ಬಂತು.

ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ. ದಿನಾ ನುಂಗಿದರೆ ದೇಹ ಬಾಗಿಲು ಮುಚ್ಚಿಕೊಳ್ಳುತ್ತದೆಯಂತೆ. ಗಟ್ಟಿ ಓಟ ಮುಗಿದ ಮೂರರಿಂದ ಆರು ಗಂಟೆ ಹೊತ್ತಿನಲ್ಲೂ ಹಾಗೇ, ಕಬ್ಬಿಣ ಸರಿಯಾಗಿ ಹತ್ತುವುದಿಲ್ಲ. ಆದ್ದರಿಂದ ಮೈದಾನದಿಂದ ಬಂದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಜೊತೆಗೆ ಕಿತ್ತಳೆ ಇಲ್ಲವೇ ನೆಲ್ಲಿಕಾಯಿ ರಸ. ಮುಟ್ಟಿನ ಮೊದಲ ದಿನಗಳಿಗೆ ರಕ್ತ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನೂ ಕೊಟ್ಟರು. ಅದು ಡಾಕ್ಟರ್ ಹೇಳಿದರೆ ಮಾತ್ರ.

ಎಲ್ಲಕ್ಕಿಂತ ಕಷ್ಟ ಆದದ್ದು ಕಾಫಿ. ಕಾಫಿ, ಟೀ ಎರಡೂ ಕಬ್ಬಿಣ ಹೀರುವುದನ್ನು ತಡೆಯುತ್ತವೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಬೆಲ್ಲದ ಕಾಫಿ, ಅಕ್ಕಿ ರೊಟ್ಟಿ ಜೊತೆ ಕಾಫಿ, ಊಟ ಆಗಿ ಒಂದು ಗಂಟೆಗೆ ಮತ್ತೆ ಕಾಫಿ. ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರ ಇರಲಿ, ಊಟದ ಜೊತೆಗಂತೂ ಬೇಡ ಅಂದರು. ಒಂಬತ್ತಕ್ಕೆ ಒಂದು, ನಾಲ್ಕಕ್ಕೆ ಒಂದು ಅಂತ ಮಾಡಿಕೊಂಡೆ. ಮೊದಲ ವಾರ ತಲೆನೋವು. ಅಮ್ಮ ಒಲೆ ಮೇಲೆ ಕಾಫಿ ಇಟ್ಟಾಗ ವಾಸನೆಗೆ ಹೊರಗೆ ಹೋಗಿ ಕಣದಲ್ಲಿ ನಿಲ್ಲುತ್ತಿದ್ದೆ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಮಲಬದ್ಧತೆಗೆ ಸೊಪ್ಪು, ನೀರು ಜಾಸ್ತಿ ಮಾಡಿ. ಭಾನುವಾರ ಪಂದಿ ಕರಿ ಇದ್ದರೆ ಎರಡು ತುಂಡು ಜಾಸ್ತಿ ಹಾಕಿಸಿಕೊಂಡೆ, ಮಾಂಸದ ಕಬ್ಬಿಣ ದೇಹಕ್ಕೆ ಬೇಗ ಹತ್ತುತ್ತದೆ.

ನಮ್ಮ ಜೊತೆ ಓಡುವ ಒಬ್ಬಳದು ಬೇರೆಯದೇ ಕಥೆ. ತೂಕ ಇಳಿಸಲು ರಾತ್ರಿ ಊಟ ಬಿಟ್ಟಿದ್ದಳು. ನಾಲ್ಕು ತಿಂಗಳಿಂದ ಮುಟ್ಟೇ ಇಲ್ಲ. ಓಡಲು ಒಳ್ಳೆಯದೇ ಆಯಿತು ಅಂದುಕೊಂಡಿದ್ದಳು. ಅದು ಒಳ್ಳೆಯ ಲಕ್ಷಣ ಅಲ್ಲ. ತಿನ್ನುವುದು ಸಾಲದೆ ಹೋದಾಗ ದೇಹ ಮುಟ್ಟನ್ನೇ ನಿಲ್ಲಿಸಿಬಿಡುತ್ತದೆ, ಮೂಳೆಯೂ ಸೊರಗುತ್ತದೆ. 2014ರಲ್ಲೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದರ ಬಗ್ಗೆ ಎಚ್ಚರಿಸಿದೆ. ಮೂರು ತಿಂಗಳು ಮುಟ್ಟು ಬರದಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಅವಳನ್ನು ನಾನೇ ಕರೆದುಕೊಂಡು ಹೋದೆ.

ಪ್ಯಾಡಿನ ಗೋಳಿಗೆ ಮುಟ್ಟಿನ ಕಪ್ ತಂದೆ, 350 ರೂಪಾಯಿ. ಮೊದಲ ತಿಂಗಳು ಹಾಕಿಕೊಳ್ಳಲು ಆಗಲೇ ಇಲ್ಲ, ಎರಡನೇ ತಿಂಗಳು ಸೋರಿತು, ಮೂರನೇ ತಿಂಗಳು ಹಾಕಿಕೊಂಡದ್ದೇ ಮರೆತು ಓಡಿದೆ. ಪರೀಕ್ಷೆಗೆ ಮೂರು ತಿಂಗಳಿದ್ದಾಗಲೇ ಶುರು ಮಾಡಿ.

ಅಕ್ಟೋಬರ್ ಹೊತ್ತಿಗೆ ಡೈರಿಯ ಅಂಕಿ ಬದಲಾಯಿತು. 26ನೇ ದಿನ 1.52, 9ನೇ ದಿನ 1.48. ನಾಡಿ ಈಗಲೂ ಮುಟ್ಟಿಗೆ ಮುಂಚೆ ಎರಡು ಮೂರು ಬಡಿತ ಏರುತ್ತದೆ, ನಿದ್ದೆ ಈಗಲೂ ಕೆಡುತ್ತದೆ. ಆದರೆ ಹದಿಮೂರು ಸೆಕೆಂಡಿನ ಅಂತರ ನಾಲ್ಕಕ್ಕೆ ಬಂದು ನಿಂತಿತು. ಆ ನಾಲ್ಕು ನನ್ನ ಚಕ್ರದ್ದು, ಉಳಿದ ಒಂಬತ್ತು ಖಾಲಿ ಉಗ್ರಾಣದ್ದು. ನವೆಂಬರಿನಲ್ಲಿ ಹಿಮೋಗ್ಲೋಬಿನ್ 12.3, ಫೆರಿಟಿನ್ 24.

ಕರೆಪತ್ರ ಬಂದಾಗ ಮೊದಲು ಎಣಿಸಿದ್ದು ದಿನ. ಪರೀಕ್ಷೆ ನನ್ನ 29ನೇ ದಿನ. ನನ್ನ ಚಕ್ರವೂ 29. ಒಂದು ರಾತ್ರಿ ನಿದ್ದೆ ಬರಲಿಲ್ಲ. ಸರ್‌ಗೆ ಹೇಳಿದಾಗ, “ಪ್ಯಾರಿಸ್ಸಿನಲ್ಲಿ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಒಟ್ಟು 199 ಕಿಲೋ ಎತ್ತಿದ್ದು ಮೂರನೇ ದಿನ ಅಂತ ಅವರೇ ಹೇಳಿದ್ದಾರೆ. ನೀನು ಎರಡು ಸುತ್ತು ಓಡು” ಅಂದರು. 2024ರ ಆ ಒಲಿಂಪಿಕ್ಸ್‌ನಲ್ಲಿ ಅವರಿಗೆ ಒಂದೇ ಕಿಲೋದಲ್ಲಿ ಪದಕ ತಪ್ಪಿತ್ತು. ಕೊನೆಯ ತಿಂಗಳು ಬೇಕೆಂದೇ ಒಂದನೇ ದಿನವೂ, ಎರಡನೇ ದಿನವೂ ಪೂರ್ತಿ ಜೋರಿನಲ್ಲಿ ಓಡಿದೆ. 1.51 ಬಂತು. ಅದಾದ ಮೇಲೆ ಹೆದರಿಕೆ ಅರ್ಧ ಇಳಿಯಿತು.

ಹಿಂದಿನ ದಿನವೇ ಮೈಸೂರಿನ ಚಿಕ್ಕಮ್ಮನ ಮನೆಗೆ ಹೋಗಿ ಉಳಿದೆ. ಚೀಲದಲ್ಲಿ ಕರೆಪತ್ರ, ಆಧಾರ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಎಲ್ಲದರ ಎರಡೆರಡು ಜೆರಾಕ್ಸ್, ಫೋಟೋ. ಇನ್ನೊಂದು ಕವರಿನಲ್ಲಿ ಕಪ್, ಪ್ಯಾಡ್, ಕಪ್ಪು ಒಳಚಡ್ಡಿ ಎರಡು, ನೋವಿಗೆ ಮೆಫೆನಾಮಿಕ್ ಆಸಿಡ್ ಮಾತ್ರೆ, ಬಾಳೆಹಣ್ಣು, ಒಂದು ಬಾಟಲಿ ನೀರು. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಯಿತು. ಹೊಟ್ಟೆ ಹಿಡಿದ ಹಾಗೆ. ಬಂದೇಬಿಟ್ಟಿತ್ತು.

ಇಡ್ಲಿ ತಿಂದು ಮಾತ್ರೆ ನುಂಗಿದೆ. ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ. ಆರಕ್ಕೆ ಮೈದಾನದ ಗೇಟು. ದಾಖಲೆ ನೋಡಿ, ಎತ್ತರ, ತೂಕ ಅಳೆದು ಸಾಲಿನಲ್ಲಿ ಕೂರಿಸಿದರು. ನನ್ನ ಓಟದ ಸರದಿ ಬಂದದ್ದು ಒಂಬತ್ತೂ ಕಾಲಿಗೆ. ಶೌಚಾಲಯದ ಮುಂದೆ ಇಪ್ಪತ್ತು ನಿಮಿಷದ ಸಾಲು, ಗೇಟು ದಾಟಿದ ಕೂಡಲೇ ಅಲ್ಲಿಗೆ ಹೋಗಿಬನ್ನಿ. ಬಿಸಿಲು ಏರಿತ್ತು, ನಮ್ಮೂರಿನ ತಂಪು ಅಲ್ಲಿಲ್ಲ. ಕರ್ಚೀಫು ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಂಡು ನೆರಳಿನಲ್ಲಿ ಕೂತೆ. ಪಕ್ಕದಲ್ಲಿ ಕೂತ ಹುಡುಗಿ ಮೆಲ್ಲಗೆ, “ಅಕ್ಕಾ, ಪ್ಯಾಡ್ ಇದೆಯಾ?” ಅಂತ ಕೇಳಿದಳು. ಕೊಟ್ಟೆ. “ನಂಗೂ ಇವತ್ತೇ” ಅಂದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಮೊದಲ ಸುತ್ತು ತಡೆದು ಓಡಿದೆ. ಎರಡನೆಯದರಲ್ಲಿ, ಕಾಲು ಕಲ್ಲಾಗುವ ಆ ತಿರುವು ಬಂತು. ಕಲ್ಲಾಗಲಿಲ್ಲ. ಉಸಿರು ಬಂತು, ಕಾಲೂ ಬಂತು. 1 ನಿಮಿಷ 49 ಸೆಕೆಂಡ್. ಗುಂಡು, ಜಿಗಿತ ಎರಡೂ ಮೊದಲ ಪ್ರಯತ್ನದಲ್ಲೇ ಆಯಿತು. ಹಿಂದಿನ ಸಾಲಿನಲ್ಲಿ ಓಡಿದ ಆ ಹುಡುಗಿಯೂ ಪಾಸಾದಳು.

ಈಗ ಆಯ್ಕೆ ಪಟ್ಟಿಗೆ ಕಾಯುತ್ತಿದ್ದೇನೆ. ಕಬ್ಬಿಣದ ಮಾತ್ರೆ ಇನ್ನೂ ಮೂರು ತಿಂಗಳು ಬಿಡಬೇಡಿ, ಉಗ್ರಾಣ ತುಂಬಲಿ ಅಂದಿದ್ದಾರೆ. ಮುಂದಿನ ಸೋಮವಾರ ಅಮ್ಮನನ್ನು ರಕ್ತ ಪರೀಕ್ಷೆಗೆ ಮಡಿಕೇರಿಗೆ ಕರೆದುಕೊಂಡು ಹೋಗುತ್ತಿದ್ದೇನೆ.